ಒಂದೇ ಮನೆ, ಒಂದೇ ಜ್ವರ, ಅಪ್ಪನಿಗೇಕೆ ಹೆಚ್ಚು?

ಬ್ಯಾಡಗಿಯ ನಿಮ್ಮ ಮನೆಯಲ್ಲಿ ಎಲ್ಲರಿಗೂ ಕೆಮ್ಮು-ಜ್ವರ ಬಂದರೂ 68 ವರ್ಷದ ತಂದೆಯವರು ಮತ್ತು ನಾಲ್ಕು ತಿಂಗಳ ಗಂಡು ಕೂಸು ಮಾತ್ರ ಹುಬ್ಬಳ್ಳಿಯ ಆಸ್ಪತ್ರೆ ಸೇರಬೇಕಾಯಿತು, ತಾಯಿಯವರು ಮೂರೇ ದಿನಕ್ಕೆ ಎದ್ದು ರೊಟ್ಟಿ ಬಡಿದರು, ಹೀಗೇಕೆ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಧಾರವಾಡದಲ್ಲಿ ಜೀವಶಾಸ್ತ್ರ ಕಲಿಸಿದವನು.

ಕೂಸಿನದು ಸರಳ: ಶ್ವಾಸನಾಳವೇ ಸಣ್ಣದು, ಸ್ವಲ್ಪ ಊತ, ಕಫ ಸಾಕು ದಾರಿ ಮುಚ್ಚಲು. ಉಸಿರಾಟದ ದಾರಿಗೆ ತಗಲುವ ಆರ್‌ಎಸ್‌ವಿ ವೈರಸ್ ಗಂಡು ಶಿಶುಗಳನ್ನೇ ಹೆಚ್ಚು ಕಾಡುತ್ತದೆ.

ತಂದೆಯವರ ವಿಷಯ ಸ್ವಾರಸ್ಯದ್ದು. ವಯಸ್ಸಾದಂತೆ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ಟಿ-ಕೋಶಗಳ ಹೊಸ ಹುಟ್ಟು ಕುಗ್ಗುತ್ತದೆ. ಅದರ ಮೇಲೆ ಗಂಡಸುತನದ ತೆರಿಗೆ! ವೈರಸ್ಸನ್ನು ಗುರುತಿಸುವ ಟಿಎಲ್‌ಆರ್7 ಎಂಬ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಂಗಸರಿಗೆ ಅದು ಎರಡು, ನಮಗೆ ಒಂದೇ. ಈ ಜೀನ್ ಕೆಟ್ಟಿದ್ದ ಕೆಲವು ಆರೋಗ್ಯವಂತ ಯುವಕರೇ 2020ರಲ್ಲಿ ಕೋವಿಡ್‌ನಿಂದ ಗಂಭೀರ ಸ್ಥಿತಿಗೆ ತಲುಪಿದ್ದರು. ಕೋವಿಡ್ ಸೋಂಕು ಹೆಣ್ಣು-ಗಂಡು ಇಬ್ಬರಿಗೂ ಹೆಚ್ಚುಕಡಿಮೆ ಸಮನಾಗಿ ತಗುಲಿದರೂ ಸತ್ತವರಲ್ಲಿ ಗಂಡಸರೇ ಹೆಚ್ಚು. ಬೀಡಿಯ ಪಾಲೂ ಇದೆ, ತಂದೆಯವರು ಸೇದುತ್ತಾರೆಂದು ನೀವೇ ಬರೆದಿದ್ದೀರಿ. ನಿಮ್ಮೂರಿನ ಮೆಣಸಿನಕಾಯಿ ಧೂಳೊಂದನ್ನೇ ದೂರಬೇಡಿ.

ಹಾಗೆಂದು ಹೆಂಗಸರು ಸದಾ ಸುರಕ್ಷಿತರಲ್ಲ, ಹರೆಯದವರೂ ಅಲ್ಲ. 2009ರ ಹಂದಿಜ್ವರದಲ್ಲಿ ಗರ್ಭಿಣಿಯರು ಬಹಳ ನರಳಿದರು. 1918ರ ಫ್ಲೂ ಅಂತೂ 20ರಿಂದ 40ರ ಹರೆಯದವರನ್ನೇ ಹೆಚ್ಚಾಗಿ ಬಲಿ ಪಡೆಯಿತು.

ತಂದೆಯವರು ಚೇತರಿಸಿಕೊಂಡ ಮೇಲೆ ಪ್ರತಿವರ್ಷದ ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಕೂಸು ಮತ್ತೆ ಪಕ್ಕೆ ಒಳಸೆಳೆದು ಉಸಿರಾಡಿದರೆ, ಹಾಲು ಬಿಟ್ಟರೆ, ಬೆಳಗಾಗುವವರೆಗೆ ಕಾಯಬೇಡಿ.