ಮೂರು ಹಾಡು, ಫ್ಲ್ಯಾಶ್ ಇಲ್ಲ

ಪ್ರಶ್ನೆ: ಗೋಣಿಕೊಪ್ಪದಲ್ಲಿ ಮದುವೆಗಳ ಫೋಟೊ ತೆಗೆಯುತ್ತೇನೆ. ರಾಕ್ ಸಂಗೀತವೆಂದರೆ ಪ್ರಾಣ. ಈಚೆಗೆ ಇಲ್ಲಿನ ರೆಸಾರ್ಟ್ ಒಂದರಲ್ಲಿ ಬೆಂಗಳೂರಿನ ತಂಡ ನುಡಿಸಿದಾಗ ತೆಗೆದ ಚಿತ್ರಗಳೆಲ್ಲ ಅಲುಗಿಹೋದವು, ಗಾಯಕನ ಮುಖ ಕೆಂಪು ಮುದ್ದೆಯಾಗಿತ್ತು. ನನ್ನದು ಕ್ರಾಪ್ ಸೆನ್ಸರ್ (ಬೆಳಕು ಹಿಡಿಯುವ ಫಲಕ ಚಿಕ್ಕದಿರುವ) ಕ್ಯಾಮೆರಾ, ಅದರೊಂದಿಗೇ ಬಂದ 18-55 ಮಿ.ಮೀ. ಲೆನ್ಸ್. ಸಾಲ ಮಾಡಿ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳಲೇ? ಈ ಕೆಲಸದಲ್ಲಿ ಜೀವನ ನಡೆದೀತೇ?

ಉತ್ತರ: ಸಾಲ ಬೇಡ. ನಿಮಗೆ ಕೈಕೊಟ್ಟದ್ದು ಕ್ಯಾಮೆರಾ ಅಲ್ಲ, ಲೆನ್ಸ್. 55 ಮಿ.ಮೀ.ಗೆ ಎಳೆದಾಗ ಅದರ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಮಿ.ಮೀ. ಎಫ್/1.8 ಲೆನ್ಸ್ ಅದರ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ, ಬೆಲೆಯೂ ಕಡಿಮೆ. (ಮಳೆಗಾಲದಲ್ಲಿ ಅದನ್ನು ಬಟ್ಟೆಯ ಬ್ಯಾಗಿನಲ್ಲಿಟ್ಟು ಮರೆಯಬೇಡಿ. ಕೊಡಗಿನ ತೇವಕ್ಕೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ಸಾಕು.) ಶಟರ್ 1/250 ಸೆಕೆಂಡಿಗಿಂತ ನಿಧಾನವಾಗದಿರಲಿ, ಡ್ರಮ್ ಬಾರಿಸುವವರಿಗೆ 1/500. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 6400ಕ್ಕೆ ಏರಿದರೂ ಅಂಜಬೇಡಿ. ಚಿತ್ರ ಕಾಳುಕಾಳಾದರೆ ಸಹಿಸಬಹುದು, ಅಲುಗಿದರೆ ಅದು ಯಾರಿಗೂ ಬೇಡ.

ಕೆಂಪು ಮುದ್ದೆಗೆ ಕಾರಣ ಎಲ್‌ಇಡಿ ದೀಪ. ಸೆನ್ಸರಿನಲ್ಲಿ ಕೆಂಪು ಬಣ್ಣವನ್ನು ದಾಖಲಿಸುವ ಚಾನೆಲ್ ಒಂದೇ ತುಂಬಿ ತುಳುಕಿ ಮುಖದ ವಿವರ ಅಳಿದುಹೋಗುತ್ತದೆ. ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ), ಎಲ್ಲವನ್ನೂ ನೀವೇ ಹೊಂದಿಸುವ ಮ್ಯಾನ್ಯುಯಲ್‌ನಲ್ಲಿ, ಕ್ಯಾಮೆರಾದ ಬೆಳಕಿನ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಕಡಿಮೆ (ಅಂದರೆ ಅರ್ಧದಷ್ಟು ಬೆಳಕು) ಇಟ್ಟು ತೆಗೆಯಿರಿ. ಬೆಳಕು ಬಿಳಿಗೆ ತಿರುಗುವವರೆಗೆ ಕಾದರೆ ಇನ್ನೂ ಒಳ್ಳೆಯದು. ತಂಡದ ಹಾಡುಗಳನ್ನು ಮೊದಲೇ ಕೇಳಿಕೊಂಡು ಹೋದವರಿಗೆ ದೀಪ ಎಲ್ಲಿ ಬದಲಾದೀತು, ಗಿಟಾರ್ ವಾದಕ ಯಾವಾಗ ಮುಂದೆ ಬಂದಾನು ಎಂಬ ಅಂದಾಜು ಇರುತ್ತದೆ. ಅಭ್ಯಾಸಕ್ಕೆ ವಿಜಯದಶಮಿಯ ರಾತ್ರಿ ಮಡಿಕೇರಿಯ ದಶಮಂಟಪಗಳ ಮೆರವಣಿಗೆ ಇದೆಯಲ್ಲ! ಹೊಗೆ, ಬಣ್ಣದ ದೀಪ, ಚಲಿಸುವ ಮೂರ್ತಿಗಳು, ಕಿವಿಗಡಚಿಕ್ಕುವ ಸದ್ದು: ರಾಕ್ ವೇದಿಕೆಯ ಕಷ್ಟಗಳೆಲ್ಲ ಅಲ್ಲಿವೆ, ಪಾಸ್ ಕೇಳುವವರಿಲ್ಲ.

ದೊಡ್ಡ ಕಾರ್ಯಕ್ರಮಗಳ ರೀತಿಯೇ ಬೇರೆ. 2011ರಲ್ಲಿ ಅಮೆರಿಕದ ಮೆಟಾಲಿಕಾ ತಂಡ ನುಡಿಸಿದ ಬೆಂಗಳೂರಿನ ಅರಮನೆ ಮೈದಾನದಂಥ ಕಡೆ ಪತ್ರಿಕೆಯ ಅಥವಾ ತಂಡದ ಪರವಾಗಿ ಹೋದವರಿಗಷ್ಟೇ ಪಾಸ್. ವೇದಿಕೆಯ ಮುಂದೆ ಫೋಟೊ ತೆಗೆಯುವವರಿಗೆ ಬಿಟ್ಟ ಪಿಟ್‌ನಲ್ಲಿ ಸಾಮಾನ್ಯವಾಗಿ ಮೊದಲ ಮೂರು ಹಾಡಿಗೆ ಮಾತ್ರ ಅವಕಾಶ, ಫ್ಲ್ಯಾಶ್ ನಿಷಿದ್ಧ. ಅಲ್ಲಿಗೆ ಬೇಕಾದ, ದೂರದ್ದನ್ನು ಹತ್ತಿರ ತರುವ 70-200 ಮಿ.ಮೀ. ಎಫ್/2.8 ಲೆನ್ಸನ್ನು ಬಾಡಿಗೆಗೆ ತನ್ನಿ. ಕಿವಿಗೆ ಇಯರ್ ಪ್ಲಗ್ ಮಾತ್ರ ಸ್ವಂತದ್ದಿರಲಿ: 100 ಡೆಸಿಬಲ್ ಸದ್ದಿನಲ್ಲಿ ಬರಿಗಿವಿಯಲ್ಲಿ 15 ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಅಪಾಯ.

ಜೀವನದ ಮಾತು. ಮದುವೆ ಕೆಲಸ ಬಿಡಬೇಡಿ. ರಾಕ್ ಚಿತ್ರಗಳನ್ನೇ ನಂಬಿ ಸಂಸಾರ ನಡೆಸುವುದು ಬೆಂಗಳೂರಿನಲ್ಲೂ ಕಷ್ಟ. ಹಣ ಬರುವುದು ತಂಡದ ಪ್ರಚಾರ ಚಿತ್ರಗಳಿಂದ, ಆಯೋಜಕರಿಂದ, ರೆಸಾರ್ಟ್‌ಗಳಿಂದ. ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ತೆಗೆಸಿದವರದ್ದಾಗುತ್ತದೆ. ಆದ್ದರಿಂದ ಮುಂಗಡ ಪಡೆಯುವ ಮೊದಲೇ, ಚಿತ್ರಗಳನ್ನು ಎಲ್ಲೆಲ್ಲಿ ಬಳಸಬಹುದು, ಹಕ್ಕು ಯಾರದ್ದು ಎಂಬುದನ್ನು ಬರೆಸಿ ಸಹಿ ಹಾಕಿಸಿಕೊಳ್ಳಿ. ಆಯೋಜಕರು ಸ್ನೇಹಿತರೇ ಆಗಿದ್ದರೂ.