ಬಿಸಿಲಲ್ಲಿ ಉದ್ದ ಓಟ: 17ನೇ ಕಿಲೋಮೀಟರಿಗೆ ನಿಂತಿದ್ದು ತಪ್ಪಾ?

ಪ್ರಶ್ನೆ: ಸರ್, ನನಗೆ 36 ವರ್ಷ, ಸರ್ಕಾರಿ ನೌಕರ. ಈ ವರ್ಷ ಅಕ್ಟೋಬರ್ ಹೊತ್ತಿಗೆ ಮೊದಲ ಸಲ ಪೂರ್ತಿ ಮ್ಯಾರಥಾನ್ ಓಡಬೇಕೆಂದಿದ್ದೇನೆ. ಹೋದ ಭಾನುವಾರ 24 ಕಿ.ಮೀ. ಓಡಬೇಕಿತ್ತು. ಬೆಳಿಗ್ಗೆ ಆರೂವರೆಗೆ ಸೇಡಂ ರಸ್ತೆಯಲ್ಲಿ ಶುರು ಮಾಡಿದೆ. 17ಕ್ಕೆ ಬರುವಷ್ಟರಲ್ಲಿ ಕಾಲು ಏಳಲೇ ಇಲ್ಲ, ತಲೆ ಧಿಮ್ಮೆಂದಿತು. ಆಟೋ ಹಿಡಿದು ಮನೆಗೆ ಬಂದೆ. ಕಿ.ಮೀ.ಗೆ ಆರೂವರೆ ನಿಮಿಷದ ಇದೇ ವೇಗಕ್ಕೆ ಡಿಸೆಂಬರ್‌ನಲ್ಲಿ ವಾಚು ಹೃದಯಬಡಿತ 145 ತೋರಿಸುತ್ತಿತ್ತು. ಈಗ 168! ಜೊತೆಗೆ ಓಡುವ ಗೆಳೆಯರು ‘ನಿಂಗೆ ಮನಸ್ಸು ಗಟ್ಟಿ ಇಲ್ಲ’ ಅಂತಾರೆ. ಇಂಥ ಹೊತ್ತಲ್ಲಿ ಹೇಗೆ ಮುಂದೆ ಹೋಗಬೇಕು?
– ಹೆಸರು ಬೇಡ, ಕಲಬುರಗಿ

ಉತ್ತರ: ಗೆಳೆಯರ ಮಾತು ಆಮೇಲೆ. ಮೊದಲು ವಾಚಿನ ಮಾತು ಕೇಳಿ. 145 ಇದ್ದದ್ದು 168 ಆಗಿದೆ ಅಂದರೆ ನೀವು ಅದೇ ವೇಗದಲ್ಲಿ ಓಡಿದರೂ ಅದೇ ಓಟ ಓಡಲಿಲ್ಲ. ಸೆಖೆಯಲ್ಲಿ ರಕ್ತಕ್ಕೆ ಎರಡು ಕೆಲಸ. ಕಾಲಿನ ಸ್ನಾಯುಗಳಿಗೂ ಹೋಗಬೇಕು, ಒಳಗಿನ ಬಿಸಿ ಹೊರಹಾಕಲು ಚರ್ಮಕ್ಕೂ ಹೋಗಬೇಕು. ಬೆವರು ಹರಿದಷ್ಟೂ ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ಇರುವಷ್ಟು ರಕ್ತದಲ್ಲೇ ಎರಡೂ ಕಡೆ ನಿಭಾಯಿಸಲು ಹೃದಯ ಜೋರಾಗಿ ಬಡಿಯಬೇಕು. ಇದರಲ್ಲಿ ಮನಸ್ಸಿನ ಪಾಲು ತೀರಾ ಕಮ್ಮಿ.

ಗೆಳೆಯರಿಗೆ ದೋಹಾದ ಕಥೆ ಹೇಳಿ. 2019ರ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಅನ್ನು ಸೆಖೆಗೆ ಹೆದರಿ ನಡುರಾತ್ರಿ ಶುರು ಮಾಡಿದರು. ಆದರೂ 30 ಡಿಗ್ರಿ ದಾಟಿತ್ತು, ಮೇಲೆ ವಿಪರೀತ ತೇವ. 68 ಮಂದಿ ಹೊರಟರು, 28 ಮಂದಿ ನಡುವೆಯೇ ಬಿಟ್ಟರು. ಗೆದ್ದ ಕೆನ್ಯಾದ ಓಟಗಾರ್ತಿಗೆ 2 ಗಂಟೆ 32 ನಿಮಿಷ ಬೇಕಾಯಿತು. ಅದೇ ವರ್ಷ ಜನವರಿಯಲ್ಲಿ ದುಬೈನಲ್ಲಿ ಆಕೆ 2 ಗಂಟೆ 17 ನಿಮಿಷದಲ್ಲಿ ಮುಗಿಸಿದ್ದರು. ಕಾಲು ಗಂಟೆ ನಿಧಾನವಾಗಿ ಓಡಿ ಚಿನ್ನ ಗೆದ್ದರು. ವಿಶ್ವ ಚಾಂಪಿಯನ್ನೇ ವೇಗ ಇಳಿಸುವಾಗ ನಿಮಗೇನು ನಾಚಿಕೆ?

ಹಾಗಾಗಿ ಬೇಸಿಗೆ ಮುಗಿಯುವವರೆಗೆ ಉದ್ದ ಓಟವನ್ನು ಕಿಲೋಮೀಟರಲ್ಲಿ ಅಳೆಯಬೇಡಿ, ಗಂಟೆಯಲ್ಲಿ ಅಳೆಯಿರಿ. 24 ಕಿ.ಮೀ. ಅಂದರೆ ನಿಮ್ಮ ಲೆಕ್ಕದಲ್ಲಿ 2 ಗಂಟೆ 36 ನಿಮಿಷ. ಎರಡೂವರೆ ಗಂಟೆ ಕಾಲ ಮೇಲೆ ಇರಿ, ಸಾಕು. ಹತ್ತು ನಿಮಿಷ ಓಟ, ಒಂದು ನಿಮಿಷ ನಡಿಗೆ. ಬಡಿತ 150ರ ಆಸುಪಾಸಿನಲ್ಲೇ ಇರಲಿ. 20 ಕಿ.ಮೀ. ಆಯಿತೋ 21 ಆಯಿತೋ, ಕೇಳಲೇಬೇಡಿ. ಸೆಖೆ ಒಗ್ಗಲು ಮೈಗೆ 10ರಿಂದ 14 ದಿನ ಬೇಕು. ಅಷ್ಟು ದಿನ ಸಣ್ಣ ಸಣ್ಣ ಓಟ ಮಾಡಿದರೆ ಬೆವರು ಬೇಗ ಬರತೊಡಗುತ್ತದೆ, ಬಡಿತವೂ ಇಳಿಯುತ್ತದೆ.

ಇನ್ನು ಆರೂವರೆಯ ವಿಷಯ. ನಿಮ್ಮ ಭಾಗದ ಬಿಸಿಲು ನೋಡಿಯೇ ಸರ್ಕಾರ ಏಪ್ರಿಲ್, ಮೇನಲ್ಲಿ ಕಚೇರಿಯನ್ನು 8ಕ್ಕೆ ತೆರೆದು ಒಂದೂವರೆಗೆ ಮುಚ್ಚುತ್ತದೆ. ಕುರ್ಚಿಯಲ್ಲಿ ಕೂರುವವರಿಗೇ ಈ ರಿಯಾಯಿತಿ! ನೀವು 8.20ರ ಹೊತ್ತಿಗೆ ಟಾರ್ ರಸ್ತೆ ಮೇಲೆ 17ನೇ ಕಿಲೋಮೀಟರ್ ಓಡುತ್ತಿದ್ದಿರಿ. ನಾಲ್ಕೂವರೆಗೆ ಹೊರಡಿ. ದಿನದ ತಂಪು ಹೊತ್ತು ಸೂರ್ಯ ಹುಟ್ಟುವ ಆಸುಪಾಸಿನದು. ಕತ್ತಲಲ್ಲಿ ಬೀದಿ ನಾಯಿಗಳ ಕಾಟ ಇದ್ದದ್ದೇ, ಇಬ್ಬರು ಮೂವರು ಸೇರಿ ಹೋಗಿ. ಹೆದ್ದಾರಿಯಲ್ಲಿ ದೂರ ಹೋಗಿ ಸಿಕ್ಕಿಹಾಕಿಕೊಳ್ಳುವ ಬದಲು ಅಪ್ಪನ ಕೆರೆಯ ಕಡೆ ಸುತ್ತು ಹಾಕಿ. ನೀರಿನ ಬಾಟಲಿ ಬೈಕಿನಲ್ಲಿಟ್ಟರಾಯಿತು. ಪ್ರತಿ ಸುತ್ತಿಗೂ ಎರಡು ಗುಟುಕು ಕುಡಿಯಿರಿ, ಒಂದಿಷ್ಟು ತಲೆ ಮೇಲೆ ಸುರಿದುಕೊಳ್ಳಿ.

ಎಷ್ಟು ಕುಡಿಯಬೇಕು ಅನ್ನುವುದನ್ನು ನಿಮ್ಮ ತಕ್ಕಡಿಯೇ ಹೇಳುತ್ತದೆ. ಓಟದ ಮುಂಚೆ 70 ಕೆ.ಜಿ., ಬಂದ ಮೇಲೆ 69, ನಡುವೆ ಒಂದು ಲೀಟರ್ ಕುಡಿದಿದ್ದೀರಿ ಎಂದುಕೊಳ್ಳಿ. ಹಾಗಾದರೆ ಸುಮಾರು ಎರಡು ಲೀಟರ್ ಬೆವರು ಹೋಗಿದೆ. ಒಂದು ಕೆ.ಜಿ. ಇಳಿದರೆ ಗಾಬರಿ ಬೇಡ. ತೂಕ ಏರಿದ್ದರೆ ಮಾತ್ರ ಎಚ್ಚರ! ಬರೀ ನೀರು ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಕುತ್ತು ಬರಬಹುದು. ಓಆರ್‌ಎಸ್ ಕಲಸುವುದಾದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರು, ಒಂದು ಲೋಟ ಕಮ್ಮಿಯೂ ಬೇಡ. ಉಪ್ಪು ಹಾಕಿದ ಮಜ್ಜಿಗೆ ಮನೆಗೆ ಬಂದ ಮೇಲೆ. ಅದನ್ನು ಕುಡಿದು ಓಡಿದರೆ ಹೊಟ್ಟೆ ಗುಳುಗುಳು ಅನ್ನುತ್ತದೆ.

ಈಗ ನಿಮ್ಮ ಅಸಲಿ ಪ್ರಶ್ನೆ. ಬೇಸರ ಬಂದರೆ, ಕಾಲು ಭಾರವಾದರೆ, ‘ಇವತ್ತಿಗೆ ಸಾಕಪ್ಪಾ’ ಅನ್ನಿಸಿದರೆ ಮುಂದೆ ಹೋಗಿ. ಬರುವ ಲೈಟು ಕಂಬದವರೆಗೆ, ಅಲ್ಲಿಂದ ಇನ್ನೊಂದು ಕಂಬದವರೆಗೆ. ಪಿ.ಟಿ. ಮೇಷ್ಟ್ರಾಗಿದ್ದಾಗ ಹುಡುಗರಿಗೆ ಹೀಗೇ ಹೇಳುತ್ತಿದ್ದೆ, ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಸುಡುವ ಬಿಸಿಲಲ್ಲಿ ಮೈ ಜುಮ್ಮೆಂದು ಚಳಿ ಬಂದರೆ, ವಾಕರಿಕೆ ಬಂದರೆ, ತಲೆ ಧಿಮ್ಮೆಂದರೆ, ಹೆಜ್ಜೆ ತಪ್ಪಿದರೆ ಅಲ್ಲಿಗೇ ನಿಲ್ಲಿ. ನೀವು ನಿಂತದ್ದು ಸರಿಯಾಗಿದೆ. ಜೊತೆಗಾರ ತೊದಲುತ್ತಿದ್ದರೆ, ಮನೆ ಎಲ್ಲಿ ಅಂದರೆ ಏನೇನೋ ಹೇಳಿದರೆ ಅದು ಹೀಟ್ ಸ್ಟ್ರೋಕ್ ಎಂದೇ ತಿಳಿಯಿರಿ. ನೆರಳಿಗೆ ಎಳೆದು ಬಟ್ಟೆ ಸಡಿಲಿಸಿ, ತಣ್ಣೀರು ಸುರಿಯುತ್ತಲೇ ಗಾಳಿ ಹಾಕಿ. ಐಸ್ ಸಿಕ್ಕರೆ ಕಂಕುಳಿಗೆ, ಕುತ್ತಿಗೆಗೆ ಇಡಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಆಂಬುಲೆನ್ಸ್ ಬರುವವರೆಗೆ ತಣಿಸುವುದನ್ನು ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮಲ್ಲಿ ಬೇಸಿಗೆಯಲ್ಲೂ ಸಾಮಾನ್ಯವಾಗಿ 33–34 ಡಿಗ್ರಿಯ ಆಸುಪಾಸು. ಬಯಲುಸೀಮೆಯವರ 42ಕ್ಕೆ ಹೋಲಿಸಿದರೆ ನಮ್ಮ ಓಟ ಸುಲಭ ಅಲ್ವಾ?
– ಓದುಗಿ, ಮಂಗಳೂರು

ಉತ್ತರ: ಅಲ್ಲ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ, ಬೆವರು ಆರದೆ ಸುಮ್ನೆ ತೊಟ್ಟಿಕ್ಕುತ್ತದೆ. ಕಲಬುರಗಿಯವರದು ಇನ್ನೊಂದು ಕಷ್ಟ. ಬೆವರು ಬಂದಹಾಗೇ ಆರಿಹೋಗುವುದರಿಂದ ಎಷ್ಟು ಹೋಯಿತು ಎಂದು ತಿಳಿಯುವುದಿಲ್ಲ, ಅಂಗಿ ಮೇಲಿನ ಬಿಳಿ ಉಪ್ಪು ನೋಡಿ ಅಂದಾಜು ಮಾಡಬೇಕು. ನೀವು ಡಿಗ್ರಿ ನೋಡುವುದನ್ನು ಬಿಟ್ಟು ತೇವಾಂಶ ನೋಡಿ. ಅದು ಜಾಸ್ತಿ ಇದ್ದ ದಿನ ಗಾಳಿ ಆಡುವ ಕಡಲ ಬದಿಯಲ್ಲಿ ಓಡಿ, ನಡಿಗೆಯ ಪಾಲು ಹೆಚ್ಚಿಸಿ.

ಪ್ರಶ್ನೆ: ನಮ್ಮ ಯಜಮಾನರು ಹೊಟ್ಟೆ ಕರಗಲಿ ಅಂತ ಈ ಬಿಸಿಲಲ್ಲೂ ರೇನ್‌ಕೋಟ್ ಹಾಕಿಕೊಂಡು ಓಡುತ್ತಾರೆ. ದಿನಾ ಒಂದು ಕೆ.ಜಿ. ಇಳಿಯುತ್ತದೆ ಅಂತ ಖುಷಿ. ನೀವಾದರೂ ಹೇಳಿ.
– ಓದುಗಿ, ದಾವಣಗೆರೆ

ಉತ್ತರ: ಇಳಿದದ್ದು ನೀರು, ಹೊಟ್ಟೆಯ ಕೊಬ್ಬಲ್ಲ. ಮಧ್ಯಾಹ್ನ ಊಟ ಮಾಡಿ ಎರಡು ಚೊಂಬು ನೀರು ಕುಡಿದ ಮೇಲೆ ಮತ್ತೆ ತೂಕ ನೋಡಿಕೊಳ್ಳಲು ಹೇಳಿ. ಬೆವರು ಆರದಂತೆ ಮುಚ್ಚಿಕೊಂಡು ಓಡುವುದು ಹೀಟ್ ಸ್ಟ್ರೋಕ್‌ಗೆ ನೇರ ದಾರಿ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಪಾಯ ಇನ್ನೂ ಹೆಚ್ಚು, ಓಟ ನಿಲ್ಲಿಸಿ ಮೊದಲು ಡಾಕ್ಟರನ್ನು ಕಾಣಲಿ. ರೇನ್‌ಕೋಟನ್ನು ನಾಳೆಯೇ ಬಚ್ಚಿಡಿ. ಕೇಳಿದರೆ ನನ್ನ ಹೆಸರು ಹೇಳಿ.