ಕೋವಿಯ ಮದ್ದನ್ನು ಅಳೆಯಬೇಕೋ, ತೂಗಬೇಕೋ?

ಪ್ರಶ್ನೆ: ನಮ್ಮಲ್ಲಿ ಅಜ್ಜನ ಕಾಲದ ಒಂಟಿ ನಳಿಗೆಯ ಕೇಪಿನ ಕೋವಿ (ಬಾಯಿಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹೊಡೆಯುವಂಥದು) ಇದೆ. ಲೈಸೆನ್ಸ್ ಈಗ ನನ್ನ ಹೆಸರಿಗೆ ಆಗಿದೆ. ಅಜ್ಜ, ಅಪ್ಪ ಇಬ್ಬರೂ ಓಟೆಯ (ಸಣ್ಣ ಬಿದಿರಿನ ಕೊಳವೆಯ) ಒಂದು ಅಳತೆಯಲ್ಲಿ ಮದ್ದು ಹಾಕುತ್ತಿದ್ದರು. ಈಗ ಮಗ ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ತಂದಿದ್ದಾನೆ. ಅಳತೆ ಬಿಟ್ಟು ತೂಗಿಯೇ ಹಾಕಬೇಕು ಅನ್ನುವುದು ಅವನ ವಾದ. ಆದರೆ ಅವನೇ ತೋರಿಸಿದ ಅಮೆರಿಕದ ವಿಡಿಯೋದಲ್ಲಿ ‘ನೂರು ಗ್ರೇನ್’ ಎಂದು ಅಳೆದ ಮದ್ದು ತಕ್ಕಡಿಯಲ್ಲಿ ಎಪ್ಪತ್ತು ಚಿಲ್ಲರೆ ತೋರಿಸಿತು. ಯಾವುದನ್ನು ನಂಬುವುದು?
— ಓದುಗರು, ಪೆರ್ಲ

ಉತ್ತರ: ಅಜ್ಜನ ಅಳತೆಯನ್ನು ಬಿಡಬೇಡಿ. ತಕ್ಕಡಿಯನ್ನೂ ಅಟ್ಟಕ್ಕೆ ಹಾಕಬೇಡಿ, ಅದಕ್ಕೆ ಬೇರೆ ಕೆಲಸ ಇದೆ.

ಮೊದಲು ಆ ಗ್ರೇನ್ ವಿಷಯ. ಅದು ತೂಕದ ಲೆಕ್ಕ, ಮದ್ದಿನ ಕಾಳಿನ ಎಣಿಕೆಗೂ ಅದಕ್ಕೂ ಸಂಬಂಧ ಇಲ್ಲ. ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರಾಮಿಗೆ ಸುಮಾರು ಹದಿನೈದೂವರೆ. ನಮ್ಮ ಹಳೇ ಲೆಕ್ಕದಲ್ಲಿ ಹೇಳುವುದಾದರೆ 180 ಗ್ರೇನ್ ಸೇರಿದರೆ ಒಂದು ತೊಲ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ.

ಈಡಿನ ಮದ್ದನ್ನು ಅಳೆಯಲು ಹಿತ್ತಾಳೆಯ ಕೊಳವೆ ಮಾಡುವವರು ಅದರ ಮೇಲೆ ಗ್ರೇನ್ ಗೆರೆ ಕೊರೆಯುತ್ತಾರೆ. ನೂರರ ಗೆರೆವರೆಗೆ ಮಾಮೂಲು ಕರಿಮದ್ದು ತುಂಬಿದರೆ ತೂಕವೂ ಹೆಚ್ಚುಕಮ್ಮಿ ನೂರು ಗ್ರೇನ್ ಬರುವ ಹಾಗೆ ಗೆರೆ ಹಾಕಿರುತ್ತಾರೆ. ಅಂದರೆ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), ಇದ್ದಿಲು, ಗಂಧಕದ ಹಳೇ ಮದ್ದಿನ ಮಟ್ಟಿಗೆ ಅಳತೆಯೂ ತೂಕವೂ ಒಂದೇ ಸಂಖ್ಯೆಯ ಹತ್ತಿರ ಬಂದು ನಿಲ್ಲುತ್ತವೆ. ತಕರಾರು ಹುಟ್ಟುವುದು ಮದ್ದು ಬದಲಾದಾಗ. 1970ರ ದಶಕದಲ್ಲಿ ಅಮೆರಿಕದಲ್ಲಿ ಪೈರೋಡೆಕ್ಸ್ ಎಂಬ ಬದಲಿ ಮದ್ದು ಬಂತು. ಅದು ಕರಿಮದ್ದಿಗಿಂತ ಹಗುರ. ಆದರೆ ಜನರ ಕೈಯಲ್ಲಿ ಆಗಲೇ ಇದ್ದ ಅಳತೆಗಳಲ್ಲೇ ಹಾಕಿ, ಸರಿಸುಮಾರು ಅದೇ ಬಲ ಸಿಗಲಿ ಎಂದು ಲೆಕ್ಕ ಹಾಕಿ ಮಾಡಿದ್ದು. ಹಾಗಾಗಿ ಅಲ್ಲಿ ‘ನೂರು ಗ್ರೇನ್’ ಎಂದರೆ ‘ನೂರು ಗ್ರೇನ್ ಕರಿಮದ್ದು ಹಿಡಿಯುವಷ್ಟು ಜಾಗ’ ಎಂದು ಅರ್ಥ ಮಾಡಿಕೊಳ್ಳಬೇಕು. ಒಂದೇ ಸೇರಿನಲ್ಲಿ ಕುಚ್ಚಲಕ್ಕಿಯನ್ನೂ ಅವಲಕ್ಕಿಯನ್ನೂ ಅಳೆದು ತಕ್ಕಡಿಗೆ ಇಟ್ಟರೆ ಕಾಣುವ ವ್ಯತ್ಯಾಸವೇ ನಿಮ್ಮ ಮಗನಿಗೆ ವಿಡಿಯೋದಲ್ಲಿ ಕಂಡದ್ದು. ಬ್ಲ್ಯಾಕ್‌ಹಾರ್ನ್ 209 ಎಂಬ ಇನ್ನೊಂದು ಮದ್ದಿನಲ್ಲೂ ನೂರರ ಅಳತೆಗೆ ತೂಕ ಎಪ್ಪತ್ತರಷ್ಟೇ.

ಇಂಥ ಹಗುರ ಮದ್ದನ್ನು ಯಾರಾದರೂ ತಕ್ಕಡಿಯಲ್ಲೇ ನೂರು ಗ್ರೇನ್ ಆಗುವವರೆಗೆ ಸುರಿದು ನಳಿಗೆಗೆ ಹಾಕಿದರೆ ಇರಬೇಕಾದದ್ದಕ್ಕಿಂತ ಮೂರನೇ ಒಂದು ಪಾಲಿನಷ್ಟು, ಕೆಲವದರಲ್ಲಿ ಇನ್ನೂ ಹೆಚ್ಚು, ಮದ್ದು ಜಾಸ್ತಿ ಒಳಗೆ ಹೋಗುತ್ತದೆ. ತೂಕ ಯಾವಾಗಲೂ ಅಳತೆಗಿಂತ ನಿಖರ ಎಂಬ ನಂಬಿಕೆ ಅಪಾಯಕ್ಕೆ ಎಳೆಯುವುದು ಇಲ್ಲಿ. ಟ್ರಿಪಲ್ ಸೆವೆನ್ ಎಂಬ ಬದಲಿ ಮದ್ದು ಇನ್ನೂ ಜೋರು. ಅದನ್ನು ಅಳತೆಯಲ್ಲೇ ಶೇ. 15ರಷ್ಟು ಕಡಿಮೆ ಮಾಡಿ ಹಾಕಿ ಎಂದು ತಯಾರಿಸುವವರೇ ಹೇಳುತ್ತಾರೆ. ನಮ್ಮ ಕಡೆ ಲೈಸೆನ್ಸ್ ಪುಸ್ತಕ ತೋರಿಸಿ ತರುವುದು ಕರಿಮದ್ದು. ಆ ವಿಡಿಯೋಗಳ ಯಾವ ಸಂಖ್ಯೆಯನ್ನೂ ಪೆರ್ಲದ ಕೋವಿಗೆ ತರಬೇಡಿ.

ಈಗ ತಕ್ಕಡಿಯ ಕೆಲಸ ಹೇಳುತ್ತೇನೆ. ಅದರಿಂದ ಅಳತೆಯನ್ನು ಪರೀಕ್ಷೆ ಮಾಡಿ. ಅಜ್ಜನ ಓಟೆಗೆ ಮದ್ದು ತುಂಬಿ, ಬಾಯಿ ಸಮ ಮಾಡಿ, ತೂಗಿ ಬರೆದಿಡಿ. ಹಾಗೆ ಹತ್ತು ಸಲ ಮಾಡಿ. ಹತ್ತೂ ಹತ್ತಿರ ಹತ್ತಿರ ಬಂದರೆ ನಿಮ್ಮ ಕೈ ಸರಿ ಇದೆ. ಒಂದು ಕಡಿಮೆ, ಒಂದು ಹೆಚ್ಚು ಎಂದು ಓಲಾಡಿದರೆ ಓಟೆಯನ್ನು ದೂರಬೇಡಿ, ತುಂಬುವ ಕ್ರಮ ನೋಡಿ. ಒಮ್ಮೆ ತಟ್ಟಿ ತುಂಬಿ, ಇನ್ನೊಮ್ಮೆ ತಟ್ಟದೆ ತುಂಬಿದರೆ ವ್ಯತ್ಯಾಸ ಬಂದೇ ಬರುತ್ತದೆ, ತಟ್ಟಿದಾಗ ಕಾಳು ಕುಳಿತು ಇನ್ನಷ್ಟು ಹಿಡಿಯುತ್ತದೆ. ಅಂಗಡಿಯಲ್ಲಿ ಈ ಸಲ ಸಿಕ್ಕಿದ್ದು ಹೋದ ಸಲಕ್ಕಿಂತ ಸಣ್ಣ ಕಾಳಿನ ಮದ್ದಾದರೆ ಮತ್ತೊಮ್ಮೆ ತೂಗಿ ನೋಡಿ. ಸಣ್ಣ ಕಾಳು ಅದೇ ಓಟೆಯಲ್ಲಿ ತುಸು ಹೆಚ್ಚು ಕೂರುತ್ತದೆ, ಮೇಲಾಗಿ ಬೇಗ ಉರಿದು ನಳಿಗೆಯ ಒಳಗೆ ಹೆಚ್ಚು ಒತ್ತಡ ಕೊಡುತ್ತದೆ. ಎರಡನೆಯದು ತಕ್ಕಡಿಗೆ ಕಾಣಿಸುವುದಿಲ್ಲ.

ಇನ್ನೊಂದು ವಿಷಯವನ್ನು ಮಗನಿಗೆ ಒತ್ತಿ ಹೇಳಿ. ಆ ಸಣ್ಣ ತಕ್ಕಡಿಗಳಲ್ಲಿ ಒಂದೇ ಗುಂಡಿ ಒತ್ತಿದರೆ ಗ್ರಾಮ್ ಹೋಗಿ ಔನ್ಸ್, ಔನ್ಸ್ ಹೋಗಿ ಕ್ಯಾರೆಟ್, ಆಮೇಲೆ ಗ್ರೇನ್ ಹೀಗೆ ಬದಲಾಗುತ್ತಾ ಹೋಗುತ್ತದೆ. ಗ್ರೇನ್ ಎಂದುಕೊಂಡು ಗ್ರಾಮ್ ನೋಡಿದರೆ ಹದಿನೈದು ಪಟ್ಟು ತಪ್ಪು. ಕ್ಯಾರೆಟ್ ಆದರೆ ಮೂರು ಪಟ್ಟು, ಇದು ಕಣ್ಣಿಗೆ ತಕ್ಷಣ ಹೊಡೆಯುವುದಿಲ್ಲ, ಆದ್ದರಿಂದ ಹೆಚ್ಚು ಭಯ. ಪ್ರತಿ ಸಲ ತೂಗುವ ಮೊದಲು ತೂಕ ಗೊತ್ತಿರುವ ಒಂದು ವಸ್ತು ಇಟ್ಟು ನೋಡಲಿ. ಮನೆಯಲ್ಲಿ ಸವೆಯದ ಹಳೇ ಬೆಳ್ಳಿ ರೂಪಾಯಿ ಇದ್ದರೆ ಅದು 180ರ ಹತ್ತಿರ ತೋರಿಸಬೇಕು.

ಗುರಿ ಸ್ಪರ್ಧೆಯಲ್ಲಿ ರೈಫಲ್ ಹಿಡಿಯುವ ಕೆಲವರು ಕರಿಮದ್ದನ್ನೂ ಪ್ರತಿ ಈಡಿಗೆ ತೂಗಿಯೇ ಹಾಕುತ್ತಾರೆ. ಅದು ಅವರ ಆಟಕ್ಕೆ ಸರಿ. ಒಳಮೈ ನುಣುಪಾದ, ಚರೆ (ಸೀಸದ ಸಣ್ಣ ಗುಂಡು) ಹಾಕುವ ನಮ್ಮ ಕೇಪಿನ ಕೋವಿಯಲ್ಲಿ ಒಂದೆರಡು ಗ್ರೇನ್ ಆಚೀಚೆಯಾದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕಿಂತ ಹೆಚ್ಚು ಪರಿಣಾಮ ಮಾಡುವುದು ಗಜದಿಂದ (ಮದ್ದನ್ನು ನಳಿಗೆಯೊಳಗೆ ಒತ್ತುವ ಕೋಲಿನಿಂದ) ಜಡಿಯುವ ಬಿಗಿ, ನಳಿಗೆಯಲ್ಲಿ ಉಳಿದ ಹಳೇ ಮಸಿ ಮತ್ತು ಮದ್ದಿಗೂ ಗುಂಡಿಗೂ ನಡುವೆ ಉಳಿಯುವ ಸಂದು. ಆ ಸಂದು ಉಳಿದರೆ ಅಳತೆ ಎಷ್ಟು ಸರಿ ಇದ್ದರೂ ನಳಿಗೆ ಉಬ್ಬಬಹುದು, ಒಡೆಯಲೂಬಹುದು.

ನನ್ನ ತಂದೆಯ ಗಜ ಈಗಲೂ ನಮ್ಮ ಮನೆಯ ಉಗ್ರಾಣದಲ್ಲಿ ಇದೆ. ಅದರ ಮೇಲೆ ಚೂರಿಯಲ್ಲಿ ಕೊರೆದ ಎರಡು ಗೆರೆಗಳು. ಖಾಲಿ ನಳಿಗೆಗೆ ಗಜ ಇಳಿಸಿದಾಗ ಬಾಯಿಗೆ ಬರುವುದು ಒಂದು ಗೆರೆ, ಮದ್ದು, ಕತ್ತ (ತೆಂಗಿನ ನಾರು), ಚರೆ, ಮತ್ತೆ ಕತ್ತ ಎಲ್ಲ ಜಡಿದ ಮೇಲೆ ಬರುವುದು ಇನ್ನೊಂದು. ಎರಡನೇ ಗೆರೆ ನಳಿಗೆಯ ಬಾಯಿಗಿಂತ ಒಂದು ಬೆರಳು ಮೇಲೆ ನಿಂತರೆ ಏನೋ ಸರಿ ಕೂತಿಲ್ಲ. ಒಂದು ಗೇಣು ಮೇಲೆ ನಿಂತರೆ ಒಳಗೆ ಹಿಂದಿನ ಈಡು ಹಾಗೆಯೇ ಇದೆ, ಅದರ ಮೇಲೆ ಇನ್ನೊಂದು ಬಿದ್ದಿದೆ. ಗೆರೆಯ ಅಂಚು ಕೈ ತಾಗಿ ತಾಗಿ ನಯವಾಗಿದೆ. ಎಷ್ಟು ದುಡ್ಡು ಕೊಟ್ಟರೂ ಯಾವ ತಕ್ಕಡಿಯೂ ಈ ಗೆರೆ ಹೇಳುವುದನ್ನು ಹೇಳುವುದಿಲ್ಲ. ನಿಮ್ಮ ಗಜದಲ್ಲಿ ಗೆರೆ ಇಲ್ಲದಿದ್ದರೆ ಇವತ್ತೇ ಹಾಕಿ. ಮೊದಲು ಕೋವಿ ಖಾಲಿ ಎಂದು ಖಾತ್ರಿ ಮಾಡಿಕೊಂಡು, ಕೇಪು ತೆಗೆದು, ಆಮೇಲೆ.

ಎಷ್ಟು ಗ್ರೇನ್ ಹಾಕಬೇಕು ಎಂದು ನೀವು ಕೇಳಲಿಲ್ಲ, ಕೇಳಿದ್ದರೂ ನಾನು ಬರೆಯುತ್ತಿರಲಿಲ್ಲ. ನಳಿಗೆಯ ದಪ್ಪ, ಒಳಗಿನ ತುಕ್ಕು, ಕೇಪು ಕೂರುವ ಮೊಲೆಯ ಸವೆತ ನೋಡದೆ ಯಾರೂ ಅದನ್ನು ಹೇಳಬಾರದು. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಒಮ್ಮೆ ತೋರಿಸಿ, ಓಟೆಯನ್ನೂ ಜೊತೆಗೆ ಒಯ್ಯಿರಿ. ಮದ್ದಿನ ಡಬ್ಬಿಯಿಂದ ನೇರ ನಳಿಗೆಗೆ ಸುರಿಯುವ ಅಭ್ಯಾಸ ಇದ್ದರೆ ಬಿಡಿ. ಒಳಗೆ ಒಂದು ಕಿಡಿ ಉಳಿದಿದ್ದರೆ ಕೈಯಲ್ಲಿರುವ ಪೂರ್ತಿ ಡಬ್ಬಿ ಹತ್ತಿಕೊಳ್ಳುತ್ತದೆ. ನಡುವೆ ಒಂದು ಸಣ್ಣ ಅಳತೆ ಇರುವುದೇ ಆ ಒಂದು ಕಾರಣಕ್ಕೂ ಒಳ್ಳೆಯದು.

ಹಂದಿಯ ಕಾಟದಿಂದ ಬೇಸತ್ತು ಬರೆದಿದ್ದೀರಿ ಎಂದು ಊಹಿಸುತ್ತೇನೆ. 2022ರಿಂದ ಕೇರಳದಲ್ಲಿ ಕಾಡುಹಂದಿ ಹೊಡೆಯಲು ಅಪ್ಪಣೆ ಕೊಡುವ ಅಧಿಕಾರ ಪಂಚಾಯತು ಅಧ್ಯಕ್ಷರಿಗೆ ಸಿಕ್ಕಿದೆ. ಮೊದಲು ಅಲ್ಲಿಗೆ ಹೋಗಿ.

ಪ್ರಶ್ನೆ: ಮಳೆಗಾಲ ಕಳೆದ ಮೇಲೆ ಮದ್ದು ತಣಸು ಹಿಡಿದು ಗಂಟು ಕಟ್ಟಿದೆ. ತೂಗಿ ಹಾಕಿದರೆ ಸರಿಯಾಗುತ್ತದೆಯೇ? ಅಡಿಕೆ ಒಣಗಿಸುವ ಅಟ್ಟದಲ್ಲಿ ಇಟ್ಟು ಒಣಗಿಸಬಹುದೇ?
— ಓದುಗರು, ಮುಳ್ಳೇರಿಯ

ಉತ್ತರ: ಎರಡಕ್ಕೂ ಇಲ್ಲ. ತಣಸು ಹಿಡಿದ ಮದ್ದನ್ನು ತೂಗಿದರೆ ಒಳಗಿನ ನೀರನ್ನೂ ಸೇರಿಸಿ ತೂಗಿದ ಹಾಗೆ. ಅಳೆದರೆ ಗಂಟಿನ ನಡುವಿನ ಗಾಳಿಯನ್ನೂ ಅಳೆದ ಹಾಗೆ. ಶುದ್ಧ ಪೆಟ್ಲುಪ್ಪು ಸುಲಭದಲ್ಲಿ ತೇವ ಎಳೆಯುವುದಿಲ್ಲ, ಅದರಲ್ಲಿ ಬೇರೆ ಉಪ್ಪಿನ ಕಲಬೆರಕೆ ಇದ್ದರೆ ಎಳೆಯುತ್ತದೆ. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವಾಗ ಇದನ್ನು ಜೂನ್ ತಿಂಗಳಲ್ಲೇ ಮಕ್ಕಳಿಗೆ ಹೇಳುತ್ತಿದ್ದೆ, ಬಾಟಲಿಯೇ ಸಾಕ್ಷಿ ಹೇಳುತ್ತಿತ್ತು. ಒಮ್ಮೆ ಒದ್ದೆಯಾಗಿ ಒಣಗಿದ ಕಾಳಿನಲ್ಲಿ ಉಪ್ಪು ಕರಗಿ ಬೇರೆ ಕಡೆ ಹರಳು ಕಟ್ಟಿರುತ್ತದೆ, ಮೊದಲಿನ ಹಾಗೆ ಉರಿಯುವುದಿಲ್ಲ.

ಅಟ್ಟದ ಕೆಳಗೆ ಬೆಂಕಿ ಇದೆ, ಆ ಯೋಚನೆಯನ್ನೇ ಬಿಡಿ. ಬಿಸಿಲಿಗೂ ಹರಡಬೇಡಿ. ದೊಡ್ಡ ಬಕೆಟ್ ನೀರಿಗೆ ಸುರಿದು ಉಪ್ಪು ಪೂರ್ತಿ ಕರಗಲು ಬಿಟ್ಟು, ಮನೆ, ಬಾವಿ ಎರಡರಿಂದಲೂ ದೂರ ತೋಟದ ಮಣ್ಣಿಗೆ ಹೊಯ್ಯಿರಿ. ಮುಂದಿನ ವರ್ಷಕ್ಕೆ ಬೇಕಾದಷ್ಟನ್ನೇ ತನ್ನಿ, ಮಳೆ ಕಳೆದ ಮೇಲೆಯೇ ತನ್ನಿ. ಬೇಕಲ ಕೋಟೆಗೆ ಹೋದವರು ಅಲ್ಲಿನ ಮದ್ದಿನ ಮನೆಯನ್ನು ನೋಡಿರುತ್ತೀರಿ. ಸಮುದ್ರದ ಬದಿಯಲ್ಲಿ ಮದ್ದನ್ನು ಒಣಗಿಸಿಡುವ ಕಷ್ಟ ಆ ಕೋಟೆ ಕಟ್ಟಿದ ಕೆಳದಿ ಅರಸರ ಕಾಲದಿಂದಲೂ ಇದ್ದದ್ದೇ.

ಪ್ರಶ್ನೆ: ಬೆಡಿಗೆ (ಉತ್ಸವದ ಸಿಡಿಮದ್ದಿಗೆ) ತಂದ ಪಟಾಕಿಯ ಮದ್ದು ಸ್ವಲ್ಪ ಉಳಿದಿದೆ. ಅದೇ ಅಳತೆಯಲ್ಲಿ ಕೋವಿಗೆ ಹಾಕಬಹುದೇ?
— ಓದುಗರು, ಕುಂಬಳೆ

ಉತ್ತರ: ಖಂಡಿತ ಬೇಡ, ಅರ್ಧ ಅಳತೆಯೂ ಬೇಡ, ಚಿಟಿಕೆಯೂ ಬೇಡ. ಸಿಡಿಯುವ ಪಟಾಕಿಯಲ್ಲಿ ಸಾಮಾನ್ಯವಾಗಿ ಅಲ್ಯುಮಿನಿಯಂ ಪುಡಿ ಸೇರಿದ ಬೇರೆಯೇ ಮಿಶ್ರಣ ಇರುತ್ತದೆ. ಅದು ಕರಿಮದ್ದಿನ ಹಾಗೆ ಗುಂಡನ್ನು ತಳ್ಳುವುದಿಲ್ಲ, ನಳಿಗೆಯನ್ನೇ ಸೀಳುತ್ತದೆ. ಗಜದಿಂದ ಜಡಿಯುವಾಗಲೇ ಹತ್ತಿಕೊಳ್ಳಲೂಬಹುದು. ತೋಟೆಯಿಂದ (ಕಾರ್ಟ್ರಿಜ್‌ನಿಂದ) ಬಿಡಿಸಿದ ಹೊಗೆಯಿಲ್ಲದ ಮದ್ದಿಗೂ ಇದೇ ಮಾತು. ಅದರ ಒತ್ತಡ ತಡೆಯುವ ನಳಿಗೆ ಕೇಪಿನ ಕೋವಿಗೆ ಇಲ್ಲ.

ಉಳಿದದ್ದನ್ನು ಮನೆಯಲ್ಲಿ ಇಟ್ಟುಕೊಂಡಿದ್ದೀರಿ ಎಂಬುದೇ ನನಗೆ ಹೆಚ್ಚು ಚಿಂತೆ. 2024ರ ಅಕ್ಟೋಬರ್ ಕೊನೆಯಲ್ಲಿ ನಮ್ಮದೇ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ದೈವದ ಉತ್ಸವದ ರಾತ್ರಿ ಪಟಾಕಿ ದಾಸ್ತಾನಿಗೆ ಕಿಡಿ ತಾಗಿ ನೂರೈವತ್ತರಷ್ಟು ಜನ ಸುಟ್ಟುಕೊಂಡರು, ಕೆಲವರು ಉಳಿಯಲಿಲ್ಲ. ಅದನ್ನು ಬಿಚ್ಚಬೇಡಿ, ಉಜ್ಜಬೇಡಿ, ಬೇರೆ ಡಬ್ಬಿಗೆ ಬದಲಿಸಬೇಡಿ, ನೀರಿಗೂ ಹಾಕಬೇಡಿ. ಮೇಲಿನ ಉತ್ತರದಲ್ಲಿ ಹೇಳಿದ ಉಪಾಯ ಕರಿಮದ್ದಿಗೆ ಮಾತ್ರ. ಮಕ್ಕಳನ್ನು ಆ ಕೋಣೆಯಿಂದ ದೂರ ಇಟ್ಟು, ಬೆಡಿಯ ಗುತ್ತಿಗೆ ಹಿಡಿದ ಲೈಸೆನ್ಸ್‌ದಾರರಿಗೂ ಪೊಲೀಸ್ ಠಾಣೆಗೂ ಇವತ್ತೇ ತಿಳಿಸಿ, ಅವರೇ ಬಂದು ಒಯ್ಯಲಿ.